ಡಿಜಿಟಲ್ ಗೆರೆಯ ನಡುಕ: ಬ್ರಷ್ ಸ್ಮೂದಿಂಗ್ ಎಷ್ಟಿಡಬೇಕು, ಎಲ್ಲಿ ತೆಗೆಯಬೇಕು

ಹಾಳೆಯ ಮೇಲೆ ಸಲೀಸಾಗಿ ಹರಿಯುವ ಗೆರೆ ಪೆನ್ ಟ್ಯಾಬ್ಲೆಟ್ಟಿನಲ್ಲಿ ಅಂಕುಡೊಂಕಾಗುತ್ತದೆ. ವೃತ್ತ ಎಳೆದರೆ ಮೂಲೆಗಳು ಮೂಡುತ್ತವೆ. ಓರೆಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಅಲೆ ಏಳುತ್ತದೆ. ಚೆಂದದ ಕೈಬರಹ ಇರುವವರ ಅಕ್ಷರವೂ ಪರದೆಯ ಮೇಲೆ ತಡವರಿಸುತ್ತದೆ. ಹೊಸದಾಗಿ ಟ್ಯಾಬ್ಲೆಟ್ ಕೊಂಡ ಬಹುಪಾಲು ಮಂದಿ ಮೊದಲ ವಾರವೇ ಕೇಳಿಕೊಳ್ಳುವ ಪ್ರಶ್ನೆ: ‘ನನ್ನ ಕೈ ಇಷ್ಟು ಕೆಟ್ಟದೇ?’

ಅಲ್ಲ. ಆ ನಡುಕದಲ್ಲಿ ನಿಮ್ಮ ಪಾಲು ಸ್ವಲ್ಪ, ಸಲಕರಣೆಯ ಪಾಲು ಹೆಚ್ಚು. ಅದನ್ನು ತಗ್ಗಿಸಲೆಂದೇ ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಬ್ರಷ್ ಸ್ಮೂದಿಂಗ್ ಎಂಬ ಸೌಲಭ್ಯವಿದೆ. ಕೆಲವು ಇದನ್ನು ಸ್ಟೆಬಿಲೈಸರ್ ಎಂದು ಕರೆಯುತ್ತವೆ, ಕೆಲವು ಸ್ಟ್ರೀಮ್‌ಲೈನ್ ಎನ್ನುತ್ತವೆ. ಜಪಾನಿನ ಪೇಂಟ್‌ಟೂಲ್ ಸಾಯ್ ಬಳಸುವ ಕಾಮಿಕ್ಸ್ ಕಲಾವಿದರಿಗೆ ಇದು ಹಳೆಯ ಪರಿಚಯ. ಫೋಟೋಶಾಪ್‌ಗೆ ಬಂದದ್ದು 2017ರ ಅಕ್ಟೋಬರ್‌ನಲ್ಲಿ. ಈಗ ಮೊಬೈಲಿನ ಉಚಿತ ಆ್ಯಪ್‌ಗಳಲ್ಲೂ ಇದೆ.

ತೊಂದರೆ ಶುರುವಾಗುವುದು ಈ ಸೌಲಭ್ಯ ಕಣ್ಣಿಗೆ ಬಿದ್ದ ಮೇಲೆ. ಗೆರೆ ನುಣುಪಾಯಿತೆಂಬ ಖುಷಿಯಲ್ಲಿ ಪಟ್ಟಿಯನ್ನು ತುತ್ತತುದಿಗೆ ಎಳೆದುಬಿಡುತ್ತೇವೆ. ಆಮೇಲೆ ಒತ್ತಕ್ಷರಗಳು ಮುದ್ದೆಯಾಗುತ್ತವೆ, ಮೂಲೆಗಳು ಬೋಳಾಗುತ್ತವೆ, ಎಲ್ಲರ ಗೆರೆಯೂ ಒಂದೇ ಅಚ್ಚಿನದಾಗುತ್ತದೆ. ಈ ಲೇಖನದ ಉದ್ದೇಶ ಒಂದೇ: ಸಲಕರಣೆಯ ನಡುಕ ಹೋಗಬೇಕು, ನಿಮ್ಮ ಕೈಯ ಗುರುತು ಉಳಿಯಬೇಕು. ಇವೆರಡೂ ಒಟ್ಟಿಗೆ ಸಿಗುವ ಜಾಗವನ್ನು ಹುಡುಕಿಕೊಳ್ಳುವ ದಾರಿ ಇಲ್ಲಿದೆ. ಹಂತಗಳನ್ನು ಮುಖ್ಯವಾಗಿ ಕ್ರಿಟಾ ತಂತ್ರಾಂಶದಲ್ಲಿ ವಿವರಿಸಿದ್ದೇನೆ. ಅದು ಉಚಿತ, ಮುಕ್ತ ತಂತ್ರಾಂಶ. ಚಿಕ್ಕಬಳ್ಳಾಪುರದ ಕಾಲೇಜು ಹುಡುಗಿಯೂ ಶಿಡ್ಲಘಟ್ಟದ ಫ್ಲೆಕ್ಸ್ ಅಂಗಡಿಯವರೂ ಕಾಸು ಕೊಡದೆ ಹಾಕಿಕೊಳ್ಳಬಹುದು.

ಗೆರೆ ನಡುಗುವುದು ಏಕೆ?

ಕಾರಣ ಗೊತ್ತಿದ್ದರೆ ಮದ್ದಿನ ಅಳತೆ ಗೊತ್ತಾಗುತ್ತದೆ. ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಹಿಗ್ಗುವಿಕೆ. ಸಣ್ಣ ಟ್ಯಾಬ್ಲೆಟ್ಟೊಂದರ ಕೆಲಸದ ಜಾಗ ಸುಮಾರು 15 ಸೆಂ.ಮೀ. ಅಗಲ. ಸಾಮಾನ್ಯ 15.6 ಇಂಚಿನ ಲ್ಯಾಪ್‌ಟಾಪ್ ಪರದೆ ಸುಮಾರು 34 ಸೆಂ.ಮೀ. ಅಗಲ. ಅಂದರೆ ಕೈಯ ಚಲನೆ ಪರದೆಯ ಮೇಲೆ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಬೆರಳು 1 ಮಿ.ಮೀ. ಅಲುಗಿದರೆ ಗೆರೆ 2 ಮಿ.ಮೀ.ಗೂ ಮಿಕ್ಕಿ ಅಲುಗುತ್ತದೆ. ಹಾಳೆಯ ಮೇಲೆ ಈ ಹಿಗ್ಗು ಇರಲೇ ಇಲ್ಲ. ಜೊತೆಗೆ ಟ್ಯಾಬ್ಲೆಟ್ಟಿನ ಮೈ ನುಣುಪು. ಕಾಗದ ಕೊಡುತ್ತಿದ್ದ ಹಿಡಿತವೂ ಇಲ್ಲ. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ.

ಎರಡನೆಯದು ಬಿಂದುಗಳ ಲೆಕ್ಕ. ಟ್ಯಾಬ್ಲೆಟ್ ನಿಮ್ಮ ಗೆರೆಯನ್ನು ಗೆರೆಯಾಗಿ ನೋಡುವುದಿಲ್ಲ. ಪೆನ್ನಿನ ತುದಿ ಎಲ್ಲಿದೆ ಎಂದು ಸೆಕೆಂಡಿಗೆ ಇಂತಿಷ್ಟು ಸಲ ಗುರುತು ಹಾಕಿಕೊಳ್ಳುತ್ತದೆ. ಸೆಕೆಂಡಿಗೆ 200 ಗುರುತು ಎಂದಿಟ್ಟುಕೊಳ್ಳಿ. ಪರದೆಯ ಮೇಲೆ 30 ಸೆಂ.ಮೀ. ಗೆರೆಯನ್ನು ಒಂದು ಸೆಕೆಂಡಿನಲ್ಲಿ ಎಳೆದರೆ ಬಿಂದುಗಳ ನಡುವೆ 1.5 ಮಿ.ಮೀ. ಅಂತರ. ಆ ಖಾಲಿ ಜಾಗವನ್ನು ತಂತ್ರಾಂಶ ತುಂಬಬೇಕು. ನೇರ ತುಂಡುಗಳಿಂದ ತುಂಬಿದರೆ ವೃತ್ತದಲ್ಲಿ ಮೂಲೆಗಳು ಕಾಣುತ್ತವೆ.

ಮೂರನೆಯದು ಸಲಕರಣೆಯ ತಪ್ಪಳತೆ. ಪ್ರತಿ ಬಿಂದುವಿನ ಗುರುತಿನಲ್ಲೂ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ವೇಗವಾಗಿ ಎಳೆದಾಗ ಅದು ಗೊತ್ತಾಗುವುದಿಲ್ಲ. ನಿಧಾನವಾಗಿ, ಓರೆಯಾಗಿ ಎಳೆದಾಗ ಅಲೆಅಲೆಯಾಗಿ ಕಾಣುತ್ತದೆ. ನಿಮ್ಮ ನಡುಕ ಯಾವುದು, ಯಂತ್ರದ್ದು ಯಾವುದು ಎಂದು ಬೇರ್ಪಡಿಸಲು ಸುಲಭದ ಪರೀಕ್ಷೆ ಇದೆ. ಟ್ಯಾಬ್ಲೆಟ್ಟಿನ ಮೇಲೆ ಸ್ಕೇಲ್ ಓರೆಯಾಗಿಟ್ಟು, ಅದಕ್ಕೆ ಒತ್ತಿಕೊಂಡು ನಿಧಾನವಾಗಿ ಗೆರೆ ಎಳೆಯಿರಿ. ಆಗಲೂ ಅಲೆ ಬಂದರೆ ಅದು ಯಂತ್ರದ್ದು. ಗೆರೆ ನೆಟ್ಟಗಿದ್ದರೆ ಉಳಿದದ್ದು ಅಭ್ಯಾಸದ ಮಾತು.

ತಂತ್ರಾಂಶ ಒಳಗೆ ಮಾಡುವುದೇನು?

ಹೆಸರು ನೂರಿದ್ದರೂ ಮುಖ್ಯ ವಿಧಾನ ಮೂರೇ.

ಸರಾಸರಿ ವಿಧಾನ: ನೀವು ಈಗ ಇಟ್ಟ ಬಿಂದುವನ್ನು ನೇರವಾಗಿ ಬರೆಯದೆ, ಹಿಂದಿನ ಹಲವು ಬಿಂದುಗಳ ಜೊತೆ ಸೇರಿಸಿ ಸರಾಸರಿ ತೆಗೆದು ಬರೆಯುತ್ತದೆ. ಆಚೆ ಹೋದ ಬಿಂದು, ಈಚೆ ಬಂದ ಬಿಂದು ಒಂದನ್ನೊಂದು ಕಳೆದುಕೊಂಡು ಗೆರೆ ನುಣುಪಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎರಡು. ಒಂದು ವಿಳಂಬ. ಸೆಕೆಂಡಿಗೆ 200 ಬಿಂದು ಬರುವ ಟ್ಯಾಬ್ಲೆಟ್ಟಿನಲ್ಲಿ 40 ಬಿಂದುಗಳ ಸರಾಸರಿ ತೆಗೆದರೆ, ಗೆರೆ ಕೈಗಿಂತ ಸುಮಾರು 20 ಬಿಂದು ಹಿಂದಿರುತ್ತದೆ; ಸೆಕೆಂಡಿನ ಹತ್ತನೇ ಒಂದು ಭಾಗ. ಇನ್ನೊಂದು ಕುಗ್ಗುವಿಕೆ. ಬಾಗಿದ ಗೆರೆಯ ಬಿಂದುಗಳ ಸರಾಸರಿ ಯಾವಾಗಲೂ ಬಾಗಿನ ಒಳಮಗ್ಗುಲಿಗೆ ಬೀಳುತ್ತದೆ. ಸರಾಸರಿಗೆ ಸೇರಿದ ಬಿಂದುಗಳು ಅರ್ಧ ವೃತ್ತದಷ್ಟು ಹರಡಿದ್ದರೆ, 10 ಮಿ.ಮೀ. ಅಗಲದ ಸೊನ್ನೆ 6.4 ಮಿ.ಮೀ.ಗೆ ಇಳಿಯುತ್ತದೆ. ಪೂರ್ತಿ ವೃತ್ತದಷ್ಟು ಹರಡಿದರೆ ಸೊನ್ನೆ ಬರೀ ಚುಕ್ಕೆ.

ಕನ್ನಡ ಬರೆಯುವವರು ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. ನಮ್ಮ ಲಿಪಿ ತುಂಬ ಸಣ್ಣ ಸುರುಳಿಗಳೇ. ಸೊನ್ನೆ, ವಟ್ರಸುಳಿ, ಒತ್ತಕ್ಷರದ ಪುಟ್ಟ ಬಳಸು, ಗುಡಿಸಿನ ಒಳಸುತ್ತು ಎಲ್ಲವೂ ಮೊದಲು ಬಲಿಯಾಗುವುದು ಇಲ್ಲಿ. ದೊಡ್ಡ ಬಾಗು ಚೆನ್ನಾಗಿ ಬಂದು ಒತ್ತು ಮಾತ್ರ ಹಾಳಾಗಿದ್ದರೆ ತಪ್ಪು ಕೈಯದಲ್ಲ, ಸೆಟ್ಟಿಂಗಿನದು.

ದಾರದ ವಿಧಾನ: ಕುಂಚ ನಿಮ್ಮ ಪೆನ್ನಿಗೆ ಅಂಟಿಕೊಂಡಿರುವುದಿಲ್ಲ, ನಡುವೆ ಕಾಣದ ದಾರವಿದೆ. ಮಕ್ಕಳು ಹಗ್ಗ ಕಟ್ಟಿ ಎಳೆಯುವ ಆಟದ ಗಾಡಿಯಂತೆ, ದಾರ ಬಿಗಿಯಾದಾಗ ಮಾತ್ರ ಕುಂಚ ಸರಿಯುತ್ತದೆ. ದಾರ ಸಡಿಲವಿದ್ದಷ್ಟು ಹೊತ್ತು ಪೆನ್ನು ಅಲುಗಿದರೂ ಗೆರೆ ಬೀಳುವುದಿಲ್ಲ. ಇದರ ದೊಡ್ಡ ಲಾಭ ಮೂಲೆಗಳಲ್ಲಿ. ಮೂಲೆಗೆ ಬಂದಾಗ ಪೆನ್ನನ್ನು ಹೊಸ ದಿಕ್ಕಿಗೆ ತಿರುಗಿಸಿಕೊಂಡು, ದಾರ ಬಿಗಿಯಾದ ಮೇಲೆ ಎಳೆದರೆ ಮೂಲೆ ಚೂಪಾಗಿಯೇ ಉಳಿಯುತ್ತದೆ.

ನಂತರ ತಿದ್ದುವ ವಿಧಾನ: ಎಳೆಯುವಾಗ ಏನೂ ಮಾಡುವುದಿಲ್ಲ. ಪೆನ್ನು ಎತ್ತಿದ ಮೇಲೆ ಇಡೀ ಗೆರೆಗೆ ಹೊಂದುವ ನಯವಾದ ಬಾಗನ್ನು ಲೆಕ್ಕ ಹಾಕಿ ಕೂರಿಸುತ್ತದೆ. ವಿಳಂಬವಿಲ್ಲ, ಆದರೆ ನೀವು ಎಳೆದ ಗೆರೆ ಕಣ್ಣೆದುರೇ ಕೊಂಚ ಜರುಗುತ್ತದೆ.

ಸೆಟ್ಟಿಂಗ್ ಮುಟ್ಟುವ ಮೊದಲು ನೋಡಬೇಕಾದ್ದು

1. ಅಳತೆಯ ಹೊಂದಾಣಿಕೆ: ಟ್ಯಾಬ್ಲೆಟ್ಟಿನ ಡ್ರೈವರಿನಲ್ಲಿ ಕೆಲಸದ ಜಾಗದ ಅಗಲ-ಎತ್ತರದ ಪ್ರಮಾಣ ಪರದೆಯದಕ್ಕೆ ಹೊಂದಿರಬೇಕು. ಇಲ್ಲದಿದ್ದರೆ ಕೈ ವೃತ್ತ ಬರೆದರೂ ಪರದೆಯಲ್ಲಿ ಮೊಟ್ಟೆಯಾಕಾರ ಮೂಡುತ್ತದೆ. ಇದನ್ನು ಯಾವ ಸ್ಮೂದಿಂಗೂ ಸರಿಮಾಡದು.

2. ಚಾರ್ಜರ್ ಮತ್ತು ಅರ್ತಿಂಗ್: ಪರದೆಯ ಮೇಲೇ ಬರೆಯುವ ಟ್ಯಾಬ್ ನಿಮ್ಮದಾದರೆ, ಚಾರ್ಜರ್ ಕಿತ್ತು ಒಮ್ಮೆ ಗೆರೆ ಎಳೆದು ನೋಡಿ. ನಡುಕ ತಟ್ಟನೆ ಕಡಿಮೆಯಾದರೆ ಕಾರಣ ಕರೆಂಟಿನ ಗದ್ದಲ. ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿಯಿಲ್ಲದ ಪ್ಲಗ್ ಪಾಯಿಂಟ್, ಅಗ್ಗದ ಚಾರ್ಜರ್ ಎರಡೂ ಇದಕ್ಕೆ ದಾರಿ. ಅಸಲಿ ಚಾರ್ಜರ್ ಬಳಸಿ, ಇಲ್ಲವೇ ಬ್ಯಾಟರಿಯಲ್ಲಿ ಬರೆಯಿರಿ.

3. ಪೆನ್ನಿನ ಮೊನೆ: ಸವೆದು ಓರೆಯಾದ ಮೊನೆ ಒಂದು ದಿಕ್ಕಿಗೆ ಜಾರುತ್ತದೆ, ಇನ್ನೊಂದಕ್ಕೆ ತಡೆಯುತ್ತದೆ. ಮೊನೆ ಬದಲಿಸಿ.

4. ವಿಂಡೋಸ್‌ನ ತಡೆ: ಪೆನ್ನು ಊರಿದಾಗ ವೃತ್ತಾಕಾರದ ಅಲೆ ಕಾಣಿಸಿ, ಗೆರೆಯ ಮೊದಲ ಭಾಗ ತಡವಾಗಿ ಬರುತ್ತಿದ್ದರೆ, ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗುವ ವಿಂಡೋಸ್ ಸೌಲಭ್ಯವನ್ನು ಆಫ್ ಮಾಡಿ. ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆಗಳಿವೆ. ಒಂದರಲ್ಲಿ ತೊಂದರೆಯಿದ್ದರೆ ಇನ್ನೊಂದಕ್ಕೆ ಬದಲಿಸಿ, ಕ್ರಿಟಾ ಮುಚ್ಚಿ ತೆರೆಯಿರಿ.

5. ಕಂಪ್ಯೂಟರಿನ ಸುಸ್ತು: ಭಾರೀ ಕ್ಯಾನ್ವಾಸ್, ದಪ್ಪ ಕುಂಚ ಇದ್ದಾಗ ಗೆರೆ ಹಿಂದುಳಿಯುವುದು ಸ್ಮೂದಿಂಗಿನಿಂದಲ್ಲ. ಸ್ಮೂದಿಂಗ್ ಪೂರ್ತಿ ತೆಗೆದಾಗಲೂ ವಿಳಂಬವಿದ್ದರೆ ಕ್ಯಾನ್ವಾಸಿನ ಅಳತೆ ಅಥವಾ ಕುಂಚದ ದಪ್ಪ ಕಡಿಮೆ ಮಾಡಿ.

ಕ್ರಿಟಾದಲ್ಲಿ ಹೊಂದಿಸುವ ಹಂತಗಳು

1. ಎ4 ಅಳತೆಯ, 300 ಡಿಪಿಐ ಕ್ಯಾನ್ವಾಸ್ ತೆರೆಯಿರಿ. ಬಿ ಕೀಲಿ ಒತ್ತಿ ಫ್ರೀಹ್ಯಾಂಡ್ ಬ್ರಷ್ ಆರಿಸಿ. ಸೆಟ್ಟಿಂಗ್ಸ್ ಮೆನುವಿನ ಡಾಕರ್ಸ್ ಪಟ್ಟಿಯಲ್ಲಿ ಟೂಲ್ ಆಪ್ಷನ್ಸ್ ಎಂಬುದಕ್ಕೆ ಗುರುತು ಹಾಕಿ. ಬ್ರಷ್ ಸ್ಮೂದಿಂಗ್ ಇರುವುದು ಅಲ್ಲಿ.

2. ಶಾಯಿಯ ಕುಂಚವೊಂದನ್ನು ಆರಿಸಿ. ಇಂಕ್ ಗುಂಪಿನ ಫೈನ್‌ಲೈನರ್ ಅಥವಾ ಜಿ-ಪೆನ್ ಸಾಕು. ಮೆತ್ತನೆಯ ಕುಂಚದಲ್ಲಿ ನಡುಕ ಅಡಗಿಬಿಡುತ್ತದೆ. ಪರೀಕ್ಷೆಗೆ ಗಟ್ಟಿ ಅಂಚಿನ ಕುಂಚವೇ ಬೇಕು.

3. ಸ್ಮೂದಿಂಗನ್ನು ‘ನನ್’ಗೆ ಇಟ್ಟು ಒಂದು ಉದ್ದ ಬಾಗು, ಒಂದು ಸುರುಳಿ, ಒಂದು ಅಕ್ಷರ ಬರೆಯಿರಿ. ಅಳಿಸಬೇಡಿ. ಮುಂದಿನದೆಲ್ಲವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

4. ‘ಬೇಸಿಕ್’ಗೆ ಬನ್ನಿ. ಇದು ಬಿಂದುಗಳ ನಡುವಿನ ಜಾಗವನ್ನು ಬಾಗಿನಿಂದ ತುಂಬುತ್ತದೆ, ಅಷ್ಟೆ. ರೇಖಾಚಿತ್ರ, ಛಾಯೆ, ಬಣ್ಣ ತುಂಬುವುದು, ಬಂಡೆ-ಮರ-ಹುಲ್ಲಿನ ಕೆಲಸಕ್ಕೆಲ್ಲ ಇದೇ ಸಾಕು. ಇದರಿಂದಲೇ ತೃಪ್ತಿಯಾದರೆ ಮುಂದೆ ಹೋಗುವ ಅಗತ್ಯವಿಲ್ಲ.

5. ‘ವೇಟೆಡ್’ ಆರಿಸಿ. ಇಲ್ಲಿ ಡಿಸ್ಟನ್ಸ್ ಹೆಚ್ಚಿದಷ್ಟು ಗೆರೆ ನುಣುಪು. 20ರಿಂದ ಶುರುಮಾಡಿ ಹತ್ತತ್ತಾಗಿ ಏರಿಸಿ. ಸ್ಟ್ರೋಕ್ ಎಂಡಿಂಗ್ ಎಂಬುದು ಪೆನ್ನು ಎತ್ತಿದಾಗ ಗೆರೆ ಕೊನೆಯ ಬಿಂದುವಿನ ಕಡೆಗೆ ಎಷ್ಟು ಓಡಬೇಕು ಎಂದು ಹೇಳುತ್ತದೆ. ಹಾಗೆ ಓಡುವ ಗೆರೆ ನೇರವಾಗಿರುತ್ತದೆ. ಬಾಗಿದ ಅಕ್ಷರದ ಬಾಲಕ್ಕೆ ನೆಟ್ಟಗಿನ ಕಡ್ಡಿ ಅಂಟಿದರೆ ಇದನ್ನು ತಗ್ಗಿಸಿ. ಸ್ಮೂತ್ ಪ್ರೆಶರ್ ಆನ್ ಮಾಡಿದರೆ ಗೆರೆಯ ದಪ್ಪ-ತೆಳುವೂ ಸಮವಾಗುತ್ತದೆ. ಒತ್ತಡದಿಂದಲೇ ಸೊಗಸು ಬರುವ ಬರಹವಾದರೆ ಆಫ್ ಇರಲಿ.

6. ‘ಸ್ಟೆಬಿಲೈಸರ್’ ಆರಿಸಿ. ಇದು ಟ್ಯಾಬ್ಲೆಟ್ಟಿನಿಂದ ಬರುವ ಬಿಂದುಗಳ ಸರಾಸರಿ ತೆಗೆಯುತ್ತದೆ. ಮೂರರಲ್ಲಿ ಇದರದೇ ಹಿಡಿತ ಬಲ. ಡಿಸ್ಟನ್ಸ್ 20ರಿಂದ ಆರಂಭಿಸಿ. ಉದ್ದ ಬಾಗುಗಳಿಗೆ 50ರ ಆಸುಪಾಸು, ತೀರಾ ದೊಡ್ಡ ಸುತ್ತುಗಳಿಗೆ ಮಾತ್ರ ಅದಕ್ಕಿಂತ ಹೆಚ್ಚು. ಈ ಅಂಕಿಗಳು ಹೊರಡುವ ಜಾಗ ಮಾತ್ರ. ನಿಮ್ಮ ಕೈವೇಗ, ಟ್ಯಾಬ್ಲೆಟ್ ನೋಡಿಕೊಂಡು ಬದಲಾಗುತ್ತವೆ.

7. ಅದರೊಳಗಿನ ‘ಡಿಲೇ’ ಆನ್ ಮಾಡಿ. ಪೆನ್ನಿನ ಸುತ್ತ ಒಂದು ಸತ್ತ ವಲಯ ಏರ್ಪಡುತ್ತದೆ. ಮೇಲೆ ಹೇಳಿದ ದಾರದ ವಿಧಾನ ಇದೇ. ತಲೆಕಟ್ಟು ಅಕ್ಷರದ ಮೈಗೆ ಕೂಡುವ ಮೂಲೆಗಳಲ್ಲಿ ಇದು ಬಹಳ ಸಹಾಯಕ. ವಲಯ ದೊಡ್ಡದಾದರೆ ಸಣ್ಣ ಒತ್ತು ಬರೆಯಲಾಗದು. ಹೀಗಾಗಿ ನೀವು ಬರೆಯುವ ಅತಿ ಸಣ್ಣ ಸುರುಳಿಗಿಂತ ವಲಯ ಚಿಕ್ಕದಿರಲಿ.

8. ‘ಫಿನಿಶ್ ಲೈನ್’ ಆನ್ ಇದ್ದರೆ ಗೆರೆ ಪೆನ್ನಿನ ತುದಿವರೆಗೂ ಬಂದು ಮುಟ್ಟುತ್ತದೆ. ಆಫ್ ಇದ್ದರೆ ಪೆನ್ನು ಎತ್ತಿದ ಗಳಿಗೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಮುಚ್ಚಿದ ಆಕಾರಗಳಿಗೆ ಆನ್, ಬೀಸುಗೆರೆಗಳಿಗೆ ಆಫ್.

9. ‘ಸ್ಕೇಲಬಲ್ ಡಿಸ್ಟನ್ಸ್’ ಗಮನಿಸಿ. ಇದು ಆನ್ ಇದ್ದರೆ ಝೂಮ್ ಬದಲಾದಂತೆ ಸ್ಮೂದಿಂಗಿನ ಅಳತೆಯೂ ಬದಲಾಗುತ್ತದೆ. ಒಂದು ಝೂಮ್‌ನಲ್ಲಿ ಸರಿಯೆನಿಸಿದ್ದು ಇನ್ನೊಂದರಲ್ಲಿ ವಿಚಿತ್ರವಾದರೆ ಇದನ್ನು ಆನ್-ಆಫ್ ಮಾಡಿ ಎರಡನ್ನೂ ಹೋಲಿಸಿ.

10. ಸರಿಯೆನಿಸಿದ ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಕ್ರಿಟಾದಲ್ಲಿ ಈ ಸೆಟ್ಟಿಂಗ್ ಉಪಕರಣಕ್ಕೆ ಸೇರಿದ್ದು, ಕುಂಚಕ್ಕಲ್ಲ. ಕುಂಚ ಬದಲಿಸಿದರೂ ಹಳೆಯ ಸ್ಮೂದಿಂಗೇ ಮುಂದುವರಿಯುತ್ತದೆ.

ನಮ್ಮ ಸೀಮೆಯ ನಾಲ್ಕು ಅಭ್ಯಾಸಗಳು

ಯಾವ ಗೆರೆಗೆ ಎಷ್ಟು ಎಂಬುದು ಕೈಗೆ ತಿಳಿಯಬೇಕಾದರೆ ಬೇರೆ ಬೇರೆ ಸ್ವಭಾವದ ಗೆರೆಗಳನ್ನು ಎಳೆಯಬೇಕು. ಅದಕ್ಕೆ ಬೇಕಾದ ಮಾದರಿಗಳು ಚಿಕ್ಕಬಳ್ಳಾಪುರದ ಸುತ್ತಲಿನ ನಮ್ಮ ಸೀಮೆಯಲ್ಲೇ ಧಾರಾಳವಾಗಿವೆ.

ಒಂದು, ಚಂದ್ರಂಕಿ. ಶಿಡ್ಲಘಟ್ಟದ ಸುತ್ತಲಿನ ಹುಳುಮನೆಗಳಲ್ಲಿ ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ನೋಡಿ. ಅದರ ಮೇಲೆ ಪಟ್ಟಿಯೊಂದು ನಡುವಿನಿಂದ ಅಂಚಿನವರೆಗೂ ಸುರುಳಿ ಸುತ್ತಿಕೊಂಡು ಹೋಗಿರುತ್ತದೆ. ಆ ಸುರುಳಿಯನ್ನು ಒಂದೇ ಉಸಿರಿನಲ್ಲಿ, ಸುತ್ತುಗಳ ನಡುವೆ ಸಮ ಅಂತರವಿಟ್ಟು ಎಳೆಯಿರಿ. ಮೊದಲು ಬೇಸಿಕ್, ಆಮೇಲೆ ಸ್ಟೆಬಿಲೈಸರ್ 50. ಹೊರಸುತ್ತುಗಳು ನುಣುಪಾಗುತ್ತವೆ, ಒಳಸುತ್ತುಗಳು ಕುಗ್ಗಿ ಒಂದರ ಮೇಲೊಂದು ಬೀಳುತ್ತವೆ. ಸರಾಸರಿಯ ಲಾಭ, ನಷ್ಟ ಎರಡೂ ಒಂದೇ ಚಿತ್ರದಲ್ಲಿ ಕಾಣುವ ಪರೀಕ್ಷೆ ಇದು. ಒಳಸುತ್ತು ಎಲ್ಲಿಂದ ಹಾಳಾಗತೊಡಗಿತೋ, ಅದಕ್ಕಿಂತ ಸಣ್ಣ ಬಾಗುಗಳಿಗೆ ಆ ಅಂಕಿ ಹೆಚ್ಚಾಯಿತು ಎಂದರ್ಥ.

ಎರಡು, ನಾಗರಕಲ್ಲು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳಲ್ಲಿ ಎರಡು ಹಾವು ಹೆಣೆದುಕೊಂಡಿರುವ ಮಾದರಿ ಸಿಗುತ್ತದೆ. ಅದು ದಿಕ್ಕು ಬದಲಿಸುತ್ತ ಹೋಗುವ ಉದ್ದನೆಯ ಬಾಗು, ಪಕ್ಕದಲ್ಲಿ ಅದರದೇ ಜೋಡಿ. ಸ್ಟೆಬಿಲೈಸರ್ ತನ್ನ ನಿಜವಾದ ಬೆಲೆ ತೋರಿಸುವುದು ಇಂಥ ಗೆರೆಯಲ್ಲಿ. ಡಿಸ್ಟನ್ಸ್ 50, ಡಿಲೇ ಆಫ್. ಮೈಯ ಎರಡು ಅಂಚುಗಳನ್ನೂ ಒಂದೇ ಅಂಕಿಯಲ್ಲಿ, ಒಂದೇ ವೇಗದಲ್ಲಿ ಎಳೆಯಿರಿ. ಒಂದು ಅಂಚಿಗೆ ಒಂದು ಅಂಕಿ, ಇನ್ನೊಂದಕ್ಕೆ ಬೇರೆ ಇಟ್ಟರೆ ಹಾವಿನ ದಪ್ಪ ಏರುಪೇರಾಗುತ್ತದೆ. ಹೆಡೆಯ ಗೀಟುಗಳಿಗೆ, ಹುರುಪೆಗಳಿಗೆ ಬೇಸಿಕ್‌ಗೆ ಮರಳಿ.

ಮೂರು, ಊರ ಹೆಸರುಗಳು. ‘ಚಿಂತಾಮಣಿ’ ಬರೆಯಿರಿ: ಗುಡಿಸು, ಸೊನ್ನೆ, ಇಳಿ, ಣಕಾರದ ಸುತ್ತು ಎಲ್ಲವೂ ಇದರಲ್ಲಿವೆ. ‘ಚಿಕ್ಕಬಳ್ಳಾಪುರ’ ಬರೆಯಿರಿ: ಕ ಒತ್ತು, ಳ ಒತ್ತು, ಕೊಂಬು. ‘ಶಿಡ್ಲಘಟ್ಟ’ ಬರೆಯಿರಿ: ಲ ಒತ್ತು, ಟ ಒತ್ತು. ಅಕ್ಷರದ ಎತ್ತರ ಪರದೆಯ ಕಾಲು ಭಾಗದಷ್ಟಿರಲಿ. ಮೈಗೆ ವೇಟೆಡ್ 30ರ ಆಸುಪಾಸು ಅಥವಾ ಡಿಲೇ ಸಹಿತ ಸ್ಟೆಬಿಲೈಸರ್ 20 ಸಾಕು. ಒತ್ತಕ್ಷರಗಳನ್ನು ಕೊನೆಗೆ, ಬೇಸಿಕ್‌ನಲ್ಲಿ, ಕ್ಯಾನ್ವಾಸ್ ಹತ್ತಿರಕ್ಕೆ ಎಳೆದುಕೊಂಡು ಬರೆಯಿರಿ. ಸೊನ್ನೆ ಸೊನ್ನೆಯಾಗಿಯೇ ಉಳಿಯುವ ಅಂಕಿ ನಿಮ್ಮ ಮೇಲಿನ ಮಿತಿ.

ನಾಲ್ಕು, ಬಂಡೆಯ ಅಂಚು. ಕಳವಾರ ದುರ್ಗವೆಂದೂ ಹೆಸರಿರುವ ಸ್ಕಂದಗಿರಿಯ ಹೊರಗೆರೆಯನ್ನು ಫೋಟೋ ನೋಡಿ ಎಳೆಯಿರಿ. ಇಲ್ಲಿ ಸ್ಮೂದಿಂಗ್ ಬೇಡವೇ ಬೇಡ. ಬಿರುಕು, ಮುರುಕು, ತಟ್ಟನೆ ತಿರುಗುವ ಅಂಚು ಇರುವ ಕಡೆ ನುಣುಪು ಬಂದರೆ ಬಂಡೆ ಬಂಡೆಯಾಗಿ ಉಳಿಯುವುದಿಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ ಈ ಎರಡೂ ಸ್ವಭಾವ ಒಂದೇ ಕಡೆ ಸಿಗುತ್ತವೆ. ಕೆತ್ತನೆಯ ಬಳ್ಳಿಗೆ ಸ್ಮೂದಿಂಗ್, ಕಾಲದಿಂದ ಸವೆದ ಕಲ್ಲಿನ ಮೈಗೆ ಬರಿಗೈ.

ಬೇರೆ ತಂತ್ರಾಂಶ ಬಳಸುವವರಿಗೆ

• ಫೋಟೋಶಾಪ್: ಕುಂಚದ ಪಟ್ಟಿಯಲ್ಲಿ ಸ್ಮೂದಿಂಗ್ 0ರಿಂದ 100 ಪ್ರತಿಶತ. ಪಕ್ಕದ ಚಕ್ರದ ಗುರುತಿನಲ್ಲಿ ಪುಲ್ಡ್ ಸ್ಟ್ರಿಂಗ್ ಎಂಬುದೇ ದಾರದ ವಿಧಾನ. ಸ್ಟ್ರೋಕ್ ಕ್ಯಾಚ್-ಅಪ್ ಆನ್ ಇದ್ದರೆ ಕೈ ನಿಲ್ಲಿಸಿದಾಗ ಗೆರೆ ಬಂದು ಸೇರಿಕೊಳ್ಳುತ್ತದೆ. 10ರಿಂದ 25ರೊಳಗೆ ಹುಡುಕಿ.

• ಕ್ಲಿಪ್ ಸ್ಟುಡಿಯೋ ಪೇಂಟ್: ಸ್ಟೆಬಿಲೈಸೇಶನ್ 0ರಿಂದ 100. ನಂತರ ತಿದ್ದುವ ಪೋಸ್ಟ್ ಕರೆಕ್ಷನ್ ಬೇರೆಯೇ ಇದೆ. ಎರಡನ್ನೂ ಒಟ್ಟಿಗೆ ಏರಿಸಬೇಡಿ.

• ಪೇಂಟ್‌ಟೂಲ್ ಸಾಯ್: 0ರಿಂದ 15, ಆಮೇಲೆ ಎಸ್-1ರಿಂದ ಎಸ್-7. ಎಸ್ ಸಾಲಿನ ಹಿಡಿತ ಬಹಳ ಬಲ. ಉದ್ದದ ಬಾಗುಗಳಿಗೆ ಮಾತ್ರ.

• ಪ್ರೊಕ್ರಿಯೇಟ್: ಕುಂಚದ ಸ್ಟೆಬಿಲೈಸೇಶನ್ ಭಾಗದಲ್ಲಿ ಮೂರು ಬಗೆಯ ಸೆಟ್ಟಿಂಗ್‌ಗಳಿವೆ. ಸ್ಟ್ರೀಮ್‌ಲೈನ್ ಅಕ್ಷರ ಮತ್ತು ಶಾಯಿ ಕೆಲಸಕ್ಕೆ ಒಳ್ಳೆಯದು. ಸ್ಟೆಬಿಲೈಸೇಶನ್ ವೇಗವಾಗಿ ಎಳೆದಷ್ಟೂ ಹೆಚ್ಚು ನೆಟ್ಟಗಾಗಿಸುತ್ತದೆ. ಮೋಷನ್ ಫಿಲ್ಟರಿಂಗ್ ವೇಗ ನೋಡದೆ ನಡುಕವನ್ನೇ ಕತ್ತರಿಸುತ್ತದೆ. ಒಂದೊಂದನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿ.

• ಐಬಿಸ್ ಪೇಂಟ್: ಮೊಬೈಲಿನಲ್ಲಿ ಬೆರಳಿನಿಂದ ಬರೆಯುವವರು ಹೆಚ್ಚಾಗಿ ಬಳಸುವ ಆ್ಯಪ್. ಸ್ಟೆಬಿಲೈಸರ್ 0ರಿಂದ 10. ಬೆರಳಿಗೆ 4–6 ಬೇಕಾಗಬಹುದು, ಪೆನ್ನಿಗೆ 1–3 ಸಾಕು.

• ಗಿಂಪ್: ಸ್ಮೂತ್ ಸ್ಟ್ರೋಕ್‌ಗೆ ಗುರುತು ಹಾಕಿದರೆ ಕ್ವಾಲಿಟಿ, ವೇಟ್ ಎಂಬ ಎರಡು ಪಟ್ಟಿ. ವೇಟ್ ಏರಿದಷ್ಟು ಕುಂಚ ಭಾರವಾಗಿ ಹಿಂದುಳಿಯುತ್ತದೆ.

• ಇಂಕ್‌ಸ್ಕೇಪ್: ಪೆನ್ಸಿಲ್ ಉಪಕರಣದ ಸ್ಮೂದಿಂಗ್ ನಂತರ ತಿದ್ದುವ ಬಗೆಯದು. ಗೆರೆಯ ಗಂಟುಗಳನ್ನು ಆಮೇಲೂ ಎಳೆದು ಸರಿಪಡಿಸಬಹುದು. ಅಂಗಡಿ ಬೋರ್ಡು, ಜಾತ್ರೆಯ ಬ್ಯಾನರ್ ಬರೆಯುವವರಿಗೆ ಇದೇ ಒಳ್ಳೆಯ ದಾರಿ. ಎ4 ಅಗಲದ ಬರಹವನ್ನು 10 ಅಡಿ ಫ್ಲೆಕ್ಸ್‌ಗೆ ಹಿಗ್ಗಿಸಿದರೆ ಸುಮಾರು 14.5 ಪಟ್ಟು ದೊಡ್ಡದಾಗುತ್ತದೆ, 1 ಮಿ.ಮೀ. ನಡುಕ ಒಂದೂವರೆ ಸೆಂ.ಮೀ. ಹತ್ತಿರ ಹೋಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲ ಕೆಲಸಕ್ಕೂ ಒಂದೇ ಅಂಕಿ: ಸುರುಳಿಗೆ ಒಪ್ಪಿದ್ದು ಛಾಯಾಗೆರೆಗೆ ಒಪ್ಪದು. ಸಾಲುಸಾಲು ಸಣ್ಣ ಗೀಟು ಹಾಕುವಾಗ ಸ್ಟೆಬಿಲೈಸರ್ ಇದ್ದು ಫಿನಿಶ್ ಲೈನ್ ಆಫ್ ಆಗಿದ್ದರೆ ಪ್ರತಿ ಗೀಟೂ ಅರ್ಧಕ್ಕೇ ನಿಲ್ಲುತ್ತದೆ.

ನಿಧಾನ ಎಳೆದರೆ ನುಣುಪು ಎಂಬ ನಂಬಿಕೆ: ನಿಧಾನವಾದಷ್ಟು ಕೈಯ ನಡುಕಕ್ಕೂ ಯಂತ್ರದ ನಡುಕಕ್ಕೂ ಸಮಯ ಸಿಗುತ್ತದೆ. ಗೆರೆ ಎಲ್ಲಿಗೆ ಹೋಗಬೇಕೆಂದು ಮೊದಲೇ ನಿಶ್ಚಯಿಸಿ, ಒಂದೇ ಬೀಸಿನಲ್ಲಿ ಎಳೆಯಿರಿ. ತಪ್ಪಿದರೆ ಅಳಿಸಿ ಮತ್ತೆ ಎಳೆಯುವುದು, ತೆವಳಿಸಿ ಎಳೆಯುವುದಕ್ಕಿಂತ ಮೇಲು.

ತೀರಾ ದೂರ ಅಥವಾ ತೀರಾ ಹತ್ತಿರ: 25 ಪ್ರತಿಶತ ಝೂಮ್‌ನಲ್ಲಿ ಎಳೆದ ಗೆರೆಯ ಪ್ರತಿ ಅಲುಗೂ ಚಿತ್ರದಲ್ಲಿ ನಾಲ್ಕು ಪಟ್ಟು. ಹಾಗೆಂದು 400 ಪ್ರತಿಶತದಲ್ಲಿ ನೋಡಿ ಕೊರಗುವುದೂ ತಪ್ಪು. ನೋಡುವವರು ಅಷ್ಟು ಹತ್ತಿರ ಬರುವುದಿಲ್ಲ. ಗೆರೆ ಎಳೆಯಲು 50ರಿಂದ 100, ತೀರ್ಮಾನಿಸಲು 100.

ನೇರಗೆರೆಗೂ ಸ್ಟೆಬಿಲೈಸರ್: ನೆಟ್ಟಗಿನ ಗೆರೆಗೆ ಬೇರೆ ಉಪಾಯವಿದೆ. ಕ್ರಿಟಾದಲ್ಲಿ ವಿ ಕೀಲಿ ಒತ್ತಿ ಹಿಡಿದು ಎಳೆಯಿರಿ. ಪೂರ್ಣ ವೃತ್ತಕ್ಕೆ ಅಸಿಸ್ಟೆಂಟ್ ಉಪಕರಣದ ದೀರ್ಘವೃತ್ತ ಇಟ್ಟು, ಸ್ನ್ಯಾಪ್ ಆನ್ ಮಾಡಿ. ಎಂಟು ದಿಕ್ಕಿಗೂ ಒಂದೇ ತೆರನಾದ ರಂಗೋಲಿಗೆ ಮಲ್ಟಿಬ್ರಷ್ ಇದೆ.

ಸ್ಟೆಬಿಲೈಸರ್ ಬಳಸಿದರೆ ಮೋಸವೆಂಬ ಅಳುಕು: ಸಣ್ಣ ಟ್ಯಾಬ್ಲೆಟ್ ಎರಡು ಪಟ್ಟು ಹಿಗ್ಗಿಸಿದ ನಡುಕವನ್ನು ತೆಗೆಯುವುದು ನ್ಯಾಯವಾದ ಕೆಲಸ. ಕೈ ನಡುಗುವ ಹಿರಿಯರಿಗೆ, ಕಾಯಿಲೆಯಿಂದ ಬೆರಳು ನಿಲ್ಲದವರಿಗೆ ಇದು ಚಿತ್ರ ಬರೆಯುವುದನ್ನೇ ಮರಳಿ ಕೊಡಬಲ್ಲದು. ಅವರು ಎಷ್ಟು ಬೇಕೋ ಅಷ್ಟು ಏರಿಸಿಕೊಳ್ಳಲಿ, ಸಂಕೋಚ ಬೇಡ.

ಎಚ್ಚರಿಕೆಗಳು

ಸ್ಮೂದಿಂಗ್ ಹೆಚ್ಚಿಟ್ಟು ಬರೆಯುವಾಗ ಗೆರೆ ಹಿಂದೆ ಬರುತ್ತಿರುವುದನ್ನು ಕಾಯುತ್ತ ಪೆನ್ನನ್ನು ಗೊತ್ತಿಲ್ಲದೆ ಬಿಗಿಯಾಗಿ ಹಿಡಿಯುತ್ತೇವೆ. ಮಣಿಕಟ್ಟು, ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. ಅರ್ಧ ಗಂಟೆಗೊಮ್ಮೆ ಪೆನ್ನು ಕೆಳಗಿಟ್ಟು ಕೈ ಕೊಡವಿ. ನೋವು ಉಳಿದರೆ ಅಂಕಿ ಇಳಿಸಿ, ಕೆಲಸ ನಿಲ್ಲಿಸಿ. ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಬೇರೆಯವರಿಗೆ ಮಾಡಿಕೊಡುವ ಕೆಲಸದಲ್ಲಿ ನಡುವೆ ಸೆಟ್ಟಿಂಗ್ ಬದಲಿಸಬೇಡಿ. ಲಗ್ನಪತ್ರಿಕೆಯ ಮೊದಲ ಸಾಲು ಒಂದು ಅಂಕಿಯಲ್ಲಿ, ಕೊನೆಯ ಸಾಲು ಇನ್ನೊಂದರಲ್ಲಿ ಬರೆದರೆ ಎರಡು ಕೈಗಳ ಬರಹದಂತೆ ಕಾಣುತ್ತದೆ.

ಅಂಕಿ ಇಳಿಸುತ್ತ ಹೋಗಲು ದಿನಕ್ಕೆ ಹತ್ತು ನಿಮಿಷ

ಸ್ಮೂದಿಂಗ್ ಇಲ್ಲದೆ ಬೆಳಗ್ಗೆ ಹತ್ತು ನಿಮಿಷ ಗೆರೆ ಎಳೆಯಿರಿ. ಚುಕ್ಕಿ ಇಟ್ಟು ಅವುಗಳ ಸುತ್ತ ಬಳಸಿ ಬರುವ ಎಳೆ ರಂಗೋಲಿ ಇದಕ್ಕೆ ಹೇಳಿ ಮಾಡಿಸಿದ ಅಭ್ಯಾಸ. ಅಂಗಳದಲ್ಲಿ ರಂಗೋಲಿ ಬಿಡುವವರ ಕೈ ನೋಡಿ: ಬೆರಳು ಪುಡಿಯ ಹದ ನೋಡಿಕೊಳ್ಳುತ್ತದೆ, ಗೆರೆಯನ್ನು ಒಯ್ಯುವುದು ಇಡೀ ತೋಳು. ಟ್ಯಾಬ್ಲೆಟ್ಟಿನಲ್ಲೂ ದೊಡ್ಡ ಬಾಗು ಭುಜದಿಂದ, ನಡುವಿನದು ಮೊಣಕೈಯಿಂದ, ಸಣ್ಣದು ಬೆರಳಿನಿಂದ ಬರಬೇಕು. ಎಳೆಯುವ ಮೊದಲು ಪೆನ್ನನ್ನು ಮೇಲೆತ್ತಿ, ಅದೇ ದಾರಿಯಲ್ಲಿ ಗಾಳಿಯಲ್ಲಿ ಎರಡು ಸಲ ಆಡಿಸಿ. ಗೆರೆ ಹೋಗಬೇಕಾದ ಕಡೆ ಕಣ್ಣಿಡಿ, ಪೆನ್ನಿನ ತುದಿಯ ಮೇಲಲ್ಲ. ವಾರಕ್ಕೊಮ್ಮೆ ನಿಮ್ಮ ಅಂಕಿಯನ್ನು ಐದರಷ್ಟು ಇಳಿಸಿ ನೋಡಿ. ಗೆರೆ ಕೆಡದಿದ್ದರೆ ಅಲ್ಲೇ ನಿಲ್ಲಿ, ಕೆಟ್ಟರೆ ಹಿಂದಿನದಕ್ಕೆ ಮರಳಿ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಊರ ಹೆಸರನ್ನು ಒಂದೇ ಹಾಳೆಯಲ್ಲಿ ಮೂರು ಸಲ ಬರೆಯಿರಿ: ಬೇಸಿಕ್, ವೇಟೆಡ್ 30, ಸ್ಟೆಬಿಲೈಸರ್ 50. ಯಾವುದು ಯಾವುದೆಂದು ಹೇಳದೆ ಮುದ್ರಿಸಿ ಮನೆಯವರ ಮುಂದಿಡಿ. ‘ಇದರಲ್ಲಿ ನನ್ನ ಅಕ್ಷರ ಯಾವುದು?’ ಎಂದು ಕೇಳಿ. ಅವರು ಗುರುತಿಸಿದ್ದು ನುಣುಪಾಗಿಯೂ ಇದ್ದರೆ ಅದೇ ನಿಮ್ಮ ಸೆಟ್ಟಿಂಗ್. ಗುರುತಿಸಿದ್ದು ನಡುಗುತ್ತಿದ್ದರೆ ಅಲ್ಲಿಂದ ಹತ್ತತ್ತು ಅಂಕಿ ಮೇಲೇರಿ. ಅವರಿಗೆ ಗುರುತು ಸಿಗದಾದ ಗಳಿಗೆ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲಿ.